ಕೆಲಸ ಬದಲಿಸುವವರಿಗೆ: ರಾಜೀನಾಮೆ ಬರೆಯುವ ಮುನ್ನ, ಬರೆದ ಮೇಲೆ

ಹೊಸ ಕಂಪನಿಯವರು ಫೋನಿನಲ್ಲಿ ‘ಆಯ್ಕೆಯಾಗಿದ್ದೀರಿ’ ಎಂದಿದ್ದಾರೆ, ನಾಳೆಯೇ ಇಲ್ಲಿ ರಾಜೀನಾಮೆ ಕೊಡಬಹುದೇ? ನೋಟಿಸ್ ಅವಧಿ ಪೂರ್ತಿ ಮಾಡದಿದ್ದರೆ ಏನಾಗುತ್ತದೆ? ಹಳೆಯ ಕಂಪನಿಯ ಪಿಎಫ್, ಅಂದರೆ ಭವಿಷ್ಯನಿಧಿಯ ಹಣವನ್ನು ತೆಗೆದುಬಿಡುವುದೋ, ಹಾಗೆಯೇ ಇಡುವುದೋ? ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಘಟಕವೊಂದರಲ್ಲಿ ಪಗಾರ ಮತ್ತು ಭವಿಷ್ಯನಿಧಿಯ ಲೆಕ್ಕ ನೋಡಿಕೊಳ್ಳುವ ನನಗೆ ಈ ಮೂರು ಪ್ರಶ್ನೆಗಳು ವಾರಕ್ಕೊಮ್ಮೆಯಾದರೂ ಬರುತ್ತವೆ. ತಾರಿಹಾಳದ ಕಾರ್ಖಾನೆಗಳಲ್ಲಿ ದುಡಿಯುವವರು, ಗೋಕುಲ ರಸ್ತೆಯ ಶೋರೂಮುಗಳಲ್ಲಿ ಇರುವವರು, ಖಾಸಗಿ ಶಾಲೆಯ ಶಿಕ್ಷಕಿಯರು, ಗದಗ ಮತ್ತು ಹಾವೇರಿಯಿಂದ ಬೆಂಗಳೂರಿಗೆ ಹೊರಟ ಹುಡುಗರು, ಎಲ್ಲರದೂ ಹೆಚ್ಚುಕಡಿಮೆ ಇದೇ ಪ್ರಶ್ನೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ.

ಹೊಸ ಕೆಲಸ ಹುಡುಕುವುದಕ್ಕೆ ನಾವು ತಿಂಗಳುಗಟ್ಟಲೆ ಶ್ರಮಪಡುತ್ತೇವೆ. ಹಳೆಯದನ್ನು ಬಿಡುವುದಕ್ಕೆ ಒಂದು ವಾರವನ್ನೂ ಕೊಡುವುದಿಲ್ಲ. ನಾನು ಕಣ್ಣಾರೆ ಕಂಡ ನಷ್ಟಗಳಲ್ಲಿ ಬಹುಪಾಲು ಬಿಡುವಾಗಿನ ಅವಸರದಿಂದಲೇ ಆದವು. ಆದ್ದರಿಂದ ಈ ಲೇಖನದಲ್ಲಿ ಸಂದರ್ಶನದ ಬಗ್ಗೆ ಕಡಿಮೆ, ಕಾಗದಪತ್ರಗಳ ಬಗ್ಗೆ ಹೆಚ್ಚು ಬರೆದಿದ್ದೇನೆ.

ಮೊದಲು ಕೈಯಲ್ಲಿ ಇರಬೇಕಾದವು

ಈಗಿನ ಕೆಲಸದ ನೇಮಕಾತಿ ಪತ್ರ, ಕಳೆದ ಒಂದು ವರ್ಷದ ಪಗಾರ ಚೀಟಿಗಳು, ಯುಎಎನ್, ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಅದರ ವಿಮಾ ಸಂಖ್ಯೆ, ಆಧಾರ್, ಪ್ಯಾನ್ ಮತ್ತು ಪಗಾರ ಜಮಾ ಆಗುವ ಬ್ಯಾಂಕ್ ಖಾತೆಯ ಪಾಸ್‌ಬುಕ್, ಇವಿಷ್ಟನ್ನು ಒಂದು ಫೈಲಿನಲ್ಲಿ ಹಾಕಿ ಮನೆಯಲ್ಲಿಡಿ. ಯುಎಎನ್ ಎಂದರೆ ಭವಿಷ್ಯನಿಧಿ ಸಂಸ್ಥೆಯು ಪ್ರತಿ ಸದಸ್ಯನಿಗೆ ಕೊಡುವ 12 ಅಂಕಿಗಳ ಸಂಖ್ಯೆ. ಕಂಪನಿ ಎಷ್ಟು ಸಲ ಬದಲಾದರೂ ಅದು ಬದಲಾಗಬಾರದು. ಪಗಾರ ಚೀಟಿಗಳು ಕಚೇರಿಯ ಇಮೇಲ್‌ಗೆ ಮಾತ್ರ ಬರುತ್ತಿದ್ದರೆ ಅವನ್ನು ಇಂದೇ ಇಳಿಸಿಕೊಳ್ಳಿ, ಏಕೆಂದರೆ ಕೊನೆಯ ದಿನದ ಸಂಜೆಗೆ ಆ ಇಮೇಲ್ ಮುಚ್ಚಿಹೋಗುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಈಗಲೂ ನಿಮ್ಮ ಬಳಿ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಮುಂದಿನ ಪ್ರತಿಯೊಂದು ಕೆಲಸಕ್ಕೂ ಒಟಿಪಿ ಅದೇ ಸಂಖ್ಯೆಗೆ ಬರುತ್ತದೆ.

ಹಂತ 1: ಬಿಡುವ ಕಾರಣವನ್ನೂ ತಾರೀಕನ್ನೂ ನಿಶ್ಚಯಿಸಿಕೊಳ್ಳಿ

ಯಾಕೆ ಬಿಡುತ್ತಿದ್ದೀರಿ ಎಂಬುದನ್ನು ಒಂದು ಸಾಲಿನಲ್ಲಿ ಬರೆದುನೋಡಿ. ಕಾರಣ ಪಗಾರ, ಪಾಳಿ ಅಥವಾ ವಿಭಾಗವಾಗಿದ್ದರೆ, ಹೊರಗೆ ಹುಡುಕುವ ಮೊದಲು ನಿಮ್ಮ ಮೇಲಧಿಕಾರಿಯ ಬಳಿ ಒಮ್ಮೆ ಸ್ಪಷ್ಟವಾಗಿ ಕೇಳಿ. ಕೇಳದೆಯೇ ‘ಅವರು ಕೊಡುವುದಿಲ್ಲ’ ಎಂದುಕೊಂಡು ಬಿಟ್ಟುಹೋದವರನ್ನೂ, ಅವರು ಹೋದ ತಿಂಗಳಲ್ಲೇ ಅದೇ ಜಾಗಕ್ಕೆ ಹೆಚ್ಚಿನ ಪಗಾರದಲ್ಲಿ ಹೊಸಬರು ಬಂದದ್ದನ್ನೂ ಕಂಡಿದ್ದೇನೆ.

ತಾರೀಕಿನ ವಿಷಯ ಇನ್ನೂ ಮುಖ್ಯ. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಐದು ವರ್ಷ ಸತತವಾಗಿ ದುಡಿದವರಿಗೆ ಗ್ರ್ಯಾಚುಟಿ, ಅಂದರೆ ಸೇವಾವಧಿಗೆ ತಕ್ಕ ಉಪದಾನದ ಹಣ, ಸಿಗಬೇಕು. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಿದರೆ ಬರುವ ಮೊತ್ತವೇ ಗ್ರ್ಯಾಚುಟಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,000 ರೂಪಾಯಿ ಇರುವ ಒಬ್ಬರು ಏಳು ವರ್ಷ ಪೂರೈಸಿ ಬಿಟ್ಟರೆ ಅವರಿಗೆ 72,692 ರೂಪಾಯಿ ಬರುತ್ತದೆ. ಅದೇ ವೇತನದ ಇನ್ನೊಬ್ಬರು ನಾಲ್ಕು ವರ್ಷ ಐದು ತಿಂಗಳಿಗೆ ಬಿಟ್ಟರೆ ಏನೂ ಬರುವುದಿಲ್ಲ; ಇನ್ನು ಏಳು ತಿಂಗಳು ತಡೆದಿದ್ದರೆ ಸುಮಾರು 52,000 ಅವರ ಕೈಸೇರುತ್ತಿತ್ತು. ಐದನೆಯ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಸಾಕು ಎನ್ನುವ ನ್ಯಾಯಾಲಯದ ತೀರ್ಪುಗಳಿವೆ, ಆದರೆ ಅನೇಕ ಮಾಲೀಕರು ಅದನ್ನು ಒಪ್ಪದೆ ನಿಮ್ಮನ್ನು ಅಲೆದಾಡಿಸುತ್ತಾರೆ. ಕೆಲವೇ ವಾರಗಳ ಅಂತರವಿದ್ದರೆ ಹೊಸ ಕಂಪನಿಯವರಿಂದ ಸೇರುವ ದಿನವನ್ನು ಮುಂದಕ್ಕೆ ಹಾಕಿಸಿಕೊಳ್ಳುವುದೇ ಮೇಲು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಐದು ವರ್ಷದ ನಿಯಮ ಹಾಗೆಯೇ ಉಳಿದಿದೆ. ಆದರೆ ನಿಗದಿತ ಅವಧಿಗೆಂದು ಒಪ್ಪಂದದ ಮೇಲೆ ನೇರವಾಗಿ ನೇಮಕಗೊಂಡವರಿಗೆ ಒಂದು ವರ್ಷದ ಸೇವೆಗೇ ಗ್ರ್ಯಾಚುಟಿಯ ಹಕ್ಕು ಬಂದಿದೆ. ನಿಮ್ಮ ನೇಮಕಾತಿ ಪತ್ರದಲ್ಲಿ ಯಾವ ಮಾದರಿಯ ನೇಮಕವೆಂದು ಬರೆದಿದೆ ಎಂಬುದನ್ನು ಓದಿನೋಡಿ.

ಗರ್ಭಿಣಿಯರು ಅಥವಾ ಆ ಯೋಚನೆಯಲ್ಲಿರುವ ಹೆಣ್ಣುಮಕ್ಕಳು ಇಲ್ಲೊಂದು ಎಚ್ಚರಿಕೆ ವಹಿಸಬೇಕು. 26 ವಾರಗಳ ಹೆರಿಗೆ ರಜೆಯ ವೇತನ ಸಿಗಬೇಕಾದರೆ ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಆ ಸಂಸ್ಥೆಯಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಹೊಸ ಜಾಗಕ್ಕೆ ಸೇರಿದ ಕೂಡಲೇ ರಜೆಗೆ ಹೋಗಬೇಕಾದ ಸಂದರ್ಭ ಬಂದರೆ ಹಳೆಯ ಕಡೆಯ ಹಕ್ಕೂ ಇಲ್ಲ, ಹೊಸ ಕಡೆಯದೂ ಇಲ್ಲ ಎಂಬಂತಾಗುತ್ತದೆ.

ಹಂತ 2: ಹುಡುಕಾಟ

ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ, ಏಕೆಂದರೆ ನಮ್ಮ ಭಾಗದಲ್ಲಿ ಕೆಲಸದ ಸುದ್ದಿ ಇಂದಿಗೂ ಹೆಚ್ಚಾಗಿ ಪರಿಚಯದವರ ಬಾಯಿಂದಲೇ ಬರುತ್ತದೆ. ಹಿಂದೆ ನಿಮ್ಮ ಜೊತೆ ಕೆಲಸ ಮಾಡಿ ಈಗ ಬೇರೆಡೆ ಇರುವ ಹತ್ತು ಮಂದಿಗೆ ಫೋನು ಮಾಡುವುದು ನೂರು ಕಡೆ ಅರ್ಜಿ ಹಾಕುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಇದರ ಜೊತೆಗೆ ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕರಿಯರ್ ಸರ್ವಿಸ್ ಜಾಲತಾಣದಲ್ಲಿಯೂ ಹೆಸರು ನೋಂದಾಯಿಸಿ, ಅದಕ್ಕೆ ಶುಲ್ಕವಿಲ್ಲ.

ನೋಂದಣಿ, ತರಬೇತಿ, ಸಮವಸ್ತ್ರ, ಲ್ಯಾಪ್‌ಟಾಪ್ ಠೇವಣಿ, ಯಾವ ಹೆಸರಿನಲ್ಲಿಯಾದರೂ ಸರಿ, ಕೆಲಸ ಕೊಡುವ ಮೊದಲು ನಿಮ್ಮಿಂದ ಹಣ ಕೇಳುವವರು ಮೋಸಗಾರರೆಂದೇ ತಿಳಿಯಿರಿ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿರುವುದರಿಂದ ‘ಒಳಗಿನವರ ಪರಿಚಯವಿದೆ, ರೈಲ್ವೆಯಲ್ಲಿ ಹಚ್ಚಿಕೊಡುತ್ತೇನೆ’ ಎನ್ನುವವರ ಮಾತಿಗೆ ನಮ್ಮ ಊರುಗಳ ತಂದೆತಾಯಂದಿರು ಬೇಗ ಮರುಳಾಗುತ್ತಾರೆ. ರೈಲ್ವೆ ನೇಮಕಾತಿ ಅಧಿಕೃತ ಪ್ರಕಟಣೆ ಮತ್ತು ಪರೀಕ್ಷೆಯ ಮೂಲಕ ನಡೆಯುತ್ತದೆ. ಹೊಲ ಅಡವಿಟ್ಟು ಕೊಟ್ಟ ಹಣಕ್ಕೆ ಅಲ್ಲಿ ಜಾಗವಿಲ್ಲ. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣವನ್ನು ಬ್ಯಾಂಕಿನಲ್ಲಿಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹಂತ 3: ಆಫರ್ ಪತ್ರವನ್ನು ಸಾಲುಸಾಲಾಗಿ ಓದಿ

ಬಾಯಿಮಾತಿನ ಆಯ್ಕೆ ಆಯ್ಕೆಯಲ್ಲ. ಹುದ್ದೆ, ಪಗಾರದ ವಿವರ, ಸೇರುವ ದಿನ, ಕೆಲಸದ ಸ್ಥಳ ಎಲ್ಲವೂ ಇರುವ, ಅಧಿಕೃತ ಸಹಿಯುಳ್ಳ ಪತ್ರ ಅಥವಾ ಕಂಪನಿಯ ಸ್ವಂತ ಇಮೇಲ್ ವಿಳಾಸದಿಂದ ಬಂದ ಆಫರ್ ನಿಮ್ಮ ಕೈಸೇರುವ ತನಕ ಈಗಿನ ಕಂಪನಿಯಲ್ಲಿ ಯಾರಿಗೂ ಏನನ್ನೂ ಹೇಳಬೇಡಿ.

ಪತ್ರ ಬಂದ ಮೇಲೆ ಮೊದಲು ಕಣ್ಣಿಗೆ ಬೀಳುವುದು ಸಿಟಿಸಿ ಎಂಬ ದೊಡ್ಡ ಮೊತ್ತ. ಸಿಟಿಸಿ ಎಂದರೆ ನಿಮ್ಮ ಹೆಸರಿನಲ್ಲಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ನಿಮ್ಮ ಕೈಗೆ ಬರುವ ಪಗಾರ ಅದಲ್ಲ. ವರ್ಷಕ್ಕೆ 3,60,000 ಎಂದು ಬರೆದಿದ್ದರೆ ಎಲ್ಲರೂ ತಿಂಗಳಿಗೆ 30,000 ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ನಿಜವಾದ ಲೆಕ್ಕವನ್ನು ಹೀಗೆ ಮಾಡಿ. ಆ ಮೊತ್ತದಲ್ಲಿ ಶೇ 10 ‘ವೇರಿಯಬಲ್’ ಎಂದಿದ್ದರೆ, ಅಂದರೆ ಕಂಪನಿಯ ಲಾಭ ಮತ್ತು ನಿಮ್ಮ ಸಾಧನೆ ನೋಡಿ ಕೊಡುವ ಹಣವಾಗಿದ್ದರೆ, ಅದು ತಿಂಗಳಿಗೆ 3,000. ಅದನ್ನು ಸದ್ಯಕ್ಕೆ ಮರೆತುಬಿಡಿ. ಉಳಿದದ್ದು 27,000. ಮೂಲ ವೇತನ 15,000 ಇದ್ದರೆ ಮಾಲೀಕರ ಪಾಲಿನ ಪಿಎಫ್ ಶೇ 12ರಂತೆ 1,800; ಅದನ್ನು ಸಿಟಿಸಿಯೊಳಗೇ ಸೇರಿಸಿರುತ್ತಾರೆ. ಗ್ರ್ಯಾಚುಟಿಗೆಂದು ತಿಂಗಳಿಗೆ 721 ಅದರಲ್ಲೇ ಸೇರಿರುತ್ತದೆ, ಅದು ಕೈಗೆ ಬರುವುದು ಐದು ವರ್ಷ ಕಳೆದ ಮೇಲೆ. ಇವೆರಡನ್ನೂ ಕಳೆದರೆ 24,479. ಅದರಿಂದ ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,800 ಕಡಿತವಾಗಿ ಬ್ಯಾಂಕಿಗೆ ಬರುವುದು 22,679 ರೂಪಾಯಿ. ತಿಂಗಳ ಒಟ್ಟು ವೇತನ 25,000 ಮುಟ್ಟಿದರೆ ಕರ್ನಾಟಕದಲ್ಲಿ 200 ರೂಪಾಯಿ ವೃತ್ತಿ ತೆರಿಗೆಯೂ ಇರುತ್ತದೆ. ಗುಂಪು ವಿಮೆಯ ಕಂತು, ಊಟದ ಕೂಪನ್, ಬಸ್ಸಿನ ಕಡಿತಗಳಿದ್ದರೆ ಮೊತ್ತ ಮತ್ತಷ್ಟು ಇಳಿಯುತ್ತದೆ.

ಈಗ ಧಾರವಾಡದಲ್ಲಿ ಸ್ವಂತ ಮನೆಯಲ್ಲಿದ್ದು ಕೈಗೆ 19,000 ತರುತ್ತಿರುವ ಹುಡುಗ, ಬೆಂಗಳೂರಿನ ಈ 22,679ಕ್ಕೆ ಹೋಗುವುದು ಲಾಭವೋ ನಷ್ಟವೋ ಎಂಬುದನ್ನು ರೂಮಿನ ಬಾಡಿಗೆ, ಅಡ್ವಾನ್ಸ್, ಎರಡು ಹೊತ್ತಿನ ಊಟ ಮತ್ತು ಊರಿಗೆ ಬಂದುಹೋಗುವ ಖರ್ಚನ್ನು ಬರೆದು ಕೂಡಿಸಿಯೇ ತೀರ್ಮಾನಿಸಬೇಕು. ಕಲಿಯುವುದಕ್ಕೆ ಅವಕಾಶವಿದ್ದರೆ ಮೊದಲ ಎರಡು ವರ್ಷ ಕಡಿಮೆ ಉಳಿದರೂ ಹೋಗಬಹುದು ಎನ್ನುವುದು ನನ್ನ ಅಭಿಪ್ರಾಯ; ಆದರೆ ಆ ಮಾತನ್ನು ಲೆಕ್ಕ ತಿಳಿದು ಹೇಳಬೇಕು.

ಪಗಾರದ ನಂತರ ಮೂರು ಷರತ್ತುಗಳನ್ನು ಹುಡುಕಿ. ಒಂದು, ಪರೀಕ್ಷಾರ್ಥ ಅವಧಿ ಎಷ್ಟು, ಆ ಅವಧಿಯಲ್ಲಿ ನೋಟಿಸ್ ಎಷ್ಟು ದಿನ. ಎರಡು, ಬಾಂಡ್, ಅಂದರೆ ಇಂತಿಷ್ಟು ಕಾಲದೊಳಗೆ ಬಿಟ್ಟರೆ ಇಷ್ಟು ಹಣ ಕಟ್ಟಬೇಕೆಂಬ ಕರಾರು ಇದೆಯೇ. ಮೂರು, ನೇಮಕ ಕಂಪನಿಯ ಹೆಸರಿನಲ್ಲಿಯೋ ಗುತ್ತಿಗೆದಾರನ ಹೆಸರಿನಲ್ಲಿಯೋ. ಕಾರ್ಖಾನೆಯ ಗೇಟಿನ ಮೇಲಿರುವ ಹೆಸರೇ ಬೇರೆ, ಪಗಾರ ಕೊಡುವವರೇ ಬೇರೆ ಎಂಬುದು ಸೇರಿ ತಿಂಗಳಾದ ಮೇಲೆ ಗೊತ್ತಾದವರು ನಮ್ಮಲ್ಲಿ ಬಹಳ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಕೆಲವು ಖಾಸಗಿ ಶಾಲೆಗಳು, ನರ್ಸಿಂಗ್ ಹೋಮ್‌ಗಳು ಮತ್ತು ಸಣ್ಣ ಕಂಪನಿಗಳು ಮೂಲ ಅಂಕಪಟ್ಟಿಗಳನ್ನು ತಮ್ಮಲ್ಲಿಯೇ ಇಟ್ಟುಕೊಳ್ಳುತ್ತವೆ. ಮೂಲ ಪತ್ರಗಳನ್ನು ತೋರಿಸಿ, ನಕಲು ಕೊಟ್ಟು, ಮೂಲವನ್ನು ಅದೇ ದಿನ ಮನೆಗೆ ತನ್ನಿ. ಅವು ಒಮ್ಮೆ ಅವರ ಕಪಾಟಿನೊಳಗೆ ಹೋದರೆ, ನೀವು ಕೆಲಸ ಬಿಡುವ ದಿನ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕಾಗುತ್ತದೆ.

ಹಂತ 4: ರಾಜೀನಾಮೆ

ಮೊದಲು ನಿಮ್ಮ ನೇರ ಮೇಲಧಿಕಾರಿಗೆ ಖುದ್ದಾಗಿ ತಿಳಿಸಿ, ಅದೇ ದಿನ ಲಿಖಿತವಾಗಿಯೂ ಕೊಡಿ. ಸುದ್ದಿ ಅವರಿಗೆ ಕ್ಯಾಂಟೀನಿನಿಂದ ತಲುಪಿದರೆ ಮುಂದಿನ ನೋಟಿಸ್ ಅವಧಿಯಿಡೀ ಅದರ ಕಹಿ ಉಳಿಯುತ್ತದೆ. ಪತ್ರದಲ್ಲಿ ದೂರು, ಬೇಸರ, ಸಹೋದ್ಯೋಗಿಗಳ ತಪ್ಪುಗಳ ಪಟ್ಟಿ ಯಾವುದೂ ಬೇಡ. ಇಷ್ಟು ಸಾಕು:

‘ಮಾನ್ಯರೇ, ನಾನು ನಿರ್ವಹಿಸುತ್ತಿರುವ ಹುದ್ದೆಗೆ ಈ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೇಮಕಾತಿ ಪತ್ರದ ಪ್ರಕಾರ 30 ದಿನಗಳ ನೋಟಿಸ್ ಅವಧಿಯು ಇಂಥ ದಿನಾಂಕದಂದು ಮುಗಿಯುತ್ತದೆ. ಅದನ್ನೇ ನನ್ನ ಸೇವೆಯ ಕೊನೆಯ ದಿನವೆಂದು ಪರಿಗಣಿಸಿ, ರಾಜೀನಾಮೆಯನ್ನು ಅಂಗೀಕರಿಸಿದ ಬಗ್ಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.’

ಇದನ್ನು ಇಮೇಲ್‌ನಲ್ಲಿ ಕಳಿಸಿ, ಒಂದು ಪ್ರತಿಯನ್ನು ನಿಮ್ಮ ಸ್ವಂತ ಇಮೇಲ್‌ಗೂ ಹಾಕಿಕೊಳ್ಳಿ. ಇಮೇಲ್ ಬಳಕೆ ಇಲ್ಲದ ಅಂಗಡಿ, ಗೋದಾಮು ಅಥವಾ ಶಾಲೆಯಾದರೆ ಎರಡು ಪ್ರತಿ ಬರೆದು ಒಂದರ ಮೇಲೆ ‘ಸ್ವೀಕರಿಸಿದೆ’ ಎಂದು ಸಹಿ, ದಿನಾಂಕ, ಶಿಕ್ಕೆ ಹಾಕಿಸಿಕೊಳ್ಳಿ; ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳಿಸಿ. ನಾನು ಮೊದಲ ಕೆಲಸ ಬಿಟ್ಟಾಗ ಬಾಯಿಮಾತಿನಲ್ಲಿ ಹೇಳಿ ಬಂದಿದ್ದೆ, ಆ ಮೂರು ವರ್ಷಗಳ ಅನುಭವಕ್ಕೆ ಇಂದಿಗೂ ನನ್ನ ಬಳಿ ಒಂದು ಚೀಟಿ ಇಲ್ಲ.

ನೀವು ಹೊರಟಿದ್ದೀರಿ ಎಂದಾಗ ‘ಅಲ್ಲಿಯಷ್ಟೇ ನಾವೂ ಕೊಡುತ್ತೇವೆ, ಇಲ್ಲೇ ಇರಿ’ ಎನ್ನುವುದುಂಟು. ಒಪ್ಪುವುದಾದರೆ ಹೊಸ ಪಗಾರದ ಆದೇಶ ಕೈಗೆ ಬಂದ ಮೇಲೆಯೇ ರಾಜೀನಾಮೆ ಹಿಂಪಡೆಯಿರಿ. ಬಿಡುವುದಕ್ಕೆ ಪಗಾರವಲ್ಲದೆ ಬೇರೆ ಕಾರಣವಿದ್ದರೆ ಒಪ್ಪಬೇಡಿ. ಪಗಾರ ಏರಿದರೂ ಆ ಕಾರಣ ಅಲ್ಲಿಯೇ ಇರುತ್ತದೆ.

ಹಂತ 5: ನೋಟಿಸ್ ಅವಧಿ

ಎಷ್ಟು ದಿನ ಎಂಬುದು ನಿಮ್ಮ ನೇಮಕಾತಿ ಪತ್ರದಲ್ಲಿದೆ. ಕಾರ್ಖಾನೆ ಮತ್ತು ಅಂಗಡಿಗಳಲ್ಲಿ ಸಾಮಾನ್ಯವಾಗಿ 30, ಐಟಿ ಕಂಪನಿಗಳಲ್ಲಿ 60 ಅಥವಾ 90 ದಿನ. ಪೂರ್ತಿ ಮಾಡಲಾಗದಿದ್ದರೆ ಉಳಿದ ದಿನಗಳ ವೇತನವನ್ನು ಕಟ್ಟಿ ಬಿಡುಗಡೆ ಪಡೆಯುವ ಅವಕಾಶವನ್ನು ಬಹಳಷ್ಟು ಕಂಪನಿಗಳು ಇಟ್ಟಿರುತ್ತವೆ. ಅದು ಪೂರ್ತಿ ವೇತನವೋ ಮೂಲ ವೇತನ ಮಾತ್ರವೋ ಎಂದು ಪತ್ರದಲ್ಲಿ ನೋಡಿ, ಏಕೆಂದರೆ ಎರಡರ ನಡುವೆ ಅರ್ಧದಷ್ಟು ಅಂತರವಿರಬಹುದು. ಉಳಿದ ಗಳಿಕೆ ರಜೆಯನ್ನು ನೋಟಿಸಿಗೆ ಹೊಂದಿಸಿಕೊಳ್ಳಬಹುದೇ ಅಥವಾ ಅದರ ಹಣ ಕೊಡುತ್ತಾರೆಯೇ ಎಂದೂ ಕೇಳಿ.

ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಬೇಡಿ. ಅಂಥವರ ಹೆಸರಿನ ಮುಂದೆ ದಾಖಲೆಯಲ್ಲಿ ‘ಸೂಚನೆಯಿಲ್ಲದೆ ಗೈರು’ ಎಂದು ಸೇರುತ್ತದೆ. ಮುಂದೆ ಬೇರೆ ಕಂಪನಿ ನಿಮ್ಮ ಹಿನ್ನೆಲೆ ವಿಚಾರಿಸಿದಾಗ ನಮ್ಮಂಥವರು ದಾಖಲೆಯಲ್ಲಿ ಇದ್ದುದನ್ನೇ ಹೇಳಬೇಕಾಗುತ್ತದೆ.

ನಿಮ್ಮ ಕೈಯಲ್ಲಿದ್ದ ಕೆಲಸವನ್ನು ಬರೆದು ಒಪ್ಪಿಸಿ. ಯಾವ ಫೈಲು ಎಲ್ಲಿದೆ, ಯಾವ ಯಂತ್ರದ ಬಿಡಿಭಾಗ ಯಾರಿಂದ ಬರುತ್ತದೆ, ಯಾವ ಬಿಲ್ಲು ಬಾಕಿ ಇದೆ ಎಂಬುದನ್ನು ಎರಡು ಪುಟದಲ್ಲಿ ಬರೆದು ಬದಲಿಗೆ ಬಂದವರ ಸಹಿ ಹಾಕಿಸಿಕೊಂಡರೆ, ಮುಂದೆ ಏನಾದರೂ ಕಳೆದಿದೆ ಎಂಬ ಮಾತು ಎದ್ದಾಗ ಅದು ನಿಮ್ಮನ್ನು ಕಾಯುತ್ತದೆ.

ಹಂತ 6: ಕೊನೆಯ ದಿನ ಕೈಗೆ ಬರಬೇಕಾದವು

ರಿಲೀವಿಂಗ್ ಪತ್ರ ಮತ್ತು ಅನುಭವ ಪತ್ರ ಎರಡೂ ಒಂದೇ ಅಲ್ಲ. ಮೊದಲನೆಯದು ಇಂಥ ದಿನ ನಿಮ್ಮನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ ಎನ್ನುತ್ತದೆ, ಎರಡನೆಯದು ಎಲ್ಲಿಂದ ಎಲ್ಲಿಯವರೆಗೆ ಯಾವ ಹುದ್ದೆಯಲ್ಲಿ ದುಡಿದಿರಿ ಎನ್ನುತ್ತದೆ. ಎರಡನ್ನೂ ಕೇಳಿ ಪಡೆಯಿರಿ. ಅದರಲ್ಲಿನ ಹೆಸರು, ಹುದ್ದೆ, ದಿನಾಂಕಗಳನ್ನು ಅಲ್ಲಿಯೇ ನಿಂತು ಓದಿ. ಕೊನೆಯ ತಿಂಗಳ ಪಗಾರ ಚೀಟಿ ಮತ್ತು ಅಂತಿಮ ಲೆಕ್ಕದ ಹಾಳೆಯನ್ನೂ ಕೇಳಿ. ಈ ಹಾಳೆಯಲ್ಲಿ ಬಾಕಿ ಪಗಾರ, ರಜೆಯ ಹಣ, ಗ್ರ್ಯಾಚುಟಿ, ಬೋನಸ್ ಮತ್ತು ಕಡಿತಗಳು ಬೇರೆ ಬೇರೆಯಾಗಿ ಇರಬೇಕು. ಹೊಸ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ತಿಂಗಳೊಪ್ಪತ್ತು ಕಾಯಿಸುವ ಹಳೆಯ ರೂಢಿ ಇನ್ನೂ ಹಲವೆಡೆ ಹೋಗಿಲ್ಲವಾದ್ದರಿಂದ, ನಿಯಮವನ್ನು ನೆನಪಿಸಿ ವಿನಯದಿಂದಲೇ ಒಂದು ಇಮೇಲ್ ಕಳಿಸಿ. ಬೋನಸ್ ಕಾನೂನಿನ ವ್ಯಾಪ್ತಿಗೆ ಬರುವವರು ಆ ವರ್ಷ ಕನಿಷ್ಠ 30 ದಿನ ದುಡಿದಿದ್ದರೆ, ದೀಪಾವಳಿಗೆ ಮೊದಲೇ ಬಿಟ್ಟಿದ್ದರೂ ಅಷ್ಟು ದಿನದ ಪಾಲು ಅವರದೇ. ಇದನ್ನು ಕೇಳುವವರೇ ಕಡಿಮೆ.

‘ಎಲ್ಲ ಬಾಕಿಯೂ ಸಂದಿದೆ’ ಎಂಬ ಕಾಗದಕ್ಕೆ ಹಣ ಜಮಾ ಆಗುವ ಮೊದಲು ಸಹಿ ಹಾಕಬೇಡಿ.

ಹಂತ 7: ಪಿಎಫ್

ನನ್ನ ಮೇಜಿನ ಮುಂದೆ ಅತಿ ಹೆಚ್ಚು ಮಂದಿ ಕುಳಿತುಕೊಳ್ಳುವುದು ಇದಕ್ಕಾಗಿ. ‘ಮೂರ ಸಲ ಅರ್ಜಿ ಹಾಕೇನ್ರೀ, ಮೂರೂ ಸಲ ವಾಪಸ್ ಬಂತು’ ಎಂದು ಮೊಬೈಲ್ ಮುಂದೆ ಹಿಡಿಯುತ್ತಾರೆ. ತೆರೆದು ನೋಡಿದರೆ ಹೆಚ್ಚಿನ ಸಲ ಕಾರಣ ಹೆಸರಿನದೇ.

ನಮ್ಮ ಭಾಗದ ಹೆಸರುಗಳಿಗೆ ಈ ತೊಂದರೆ ವಿಶೇಷವಾಗಿದೆ. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಕೊನೆಗೆ ತಂದೆಯ ಹೆಸರು. ಆಧಾರ್‌ನಲ್ಲಿ ಸ್ವಂತ ಹೆಸರು ಮೊದಲು, ಅಡ್ಡಹೆಸರು ಕೊನೆಗೆ. ಬೆಂಗಳೂರಿನ ಕಂಪನಿಯಲ್ಲಿ ಬರೆದುಕೊಂಡವರು ಹಿರೇಮಠ, ಬಡಿಗೇರ ಎಂಬುದನ್ನೆಲ್ಲ ಒಂದೇ ಅಕ್ಷರಕ್ಕೆ ಇಳಿಸಿ ಇನಿಶಿಯಲ್ ಮಾಡಿರುತ್ತಾರೆ. ಬಸವರಾಜ, ಮಲ್ಲಿಕಾರ್ಜುನ, ಈರಣ್ಣ ಮುಂತಾದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ಒಂದು ಅಕ್ಷರ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಮದುವೆಯಾದ ಹೆಣ್ಣುಮಕ್ಕಳ ಆಧಾರ್‌ನಲ್ಲಿ ತಂದೆಯ ಹೆಸರು ಹೋಗಿ ಗಂಡನ ಹೆಸರು ಬಂದಿರುತ್ತದೆ, ಪಿಎಫ್‌ನಲ್ಲಿ ಹಳೆಯದೇ ಇರುತ್ತದೆ. ಜನ್ಮದಿನದ್ದೂ ಇದೇ ಕಥೆ: ಶಾಲೆಗೆ ಸೇರಿಸುವಾಗ ಗುರುಗಳು ಬರೆದ ಜೂನ್ 1 ಒಂದೆಡೆ, ಆಧಾರ್ ಶಿಬಿರದಲ್ಲಿ ಬರೆಸಿದ ಜನವರಿ 1 ಇನ್ನೊಂದೆಡೆ. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು.

ಆದ್ದರಿಂದ ರಾಜೀನಾಮೆ ಕೊಡುವ ಮೊದಲೇ, ಅಂದರೆ ಕಂಪನಿಯಲ್ಲಿ ನಿಮ್ಮ ಮಾತಿಗೆ ಓಗೊಡುವವರು ಇರುವಾಗಲೇ, ಯುಎಎನ್ ಸದಸ್ಯರ ಜಾಲತಾಣದಲ್ಲಿ ನಿಮ್ಮ ವಿವರಗಳನ್ನು ಆಧಾರ್ ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ. 2025ರ ಜನವರಿಯಿಂದ ಈ ತಿದ್ದುಪಡಿ ಬಹಳ ಸುಲಭವಾಗಿದೆ. 2017ರ ಅಕ್ಟೋಬರ್ 1ರಂದು ಅಥವಾ ನಂತರ ಪಡೆದ, ಆಧಾರ್‌ನೊಂದಿಗೆ ತಾಳೆಯಾದ ಯುಎಎನ್ ನಿಮ್ಮದಾಗಿದ್ದರೆ ಹೆಸರು, ಜನ್ಮದಿನಾಂಕ, ಲಿಂಗ, ತಂದೆತಾಯಿಯ ಹೆಸರು, ವೈವಾಹಿಕ ಸ್ಥಿತಿ, ಸೇರಿದ ಮತ್ತು ಬಿಟ್ಟ ದಿನ ಮುಂತಾದವನ್ನು ಸಾಮಾನ್ಯವಾಗಿ ನೀವೇ ಆನ್‌ಲೈನ್‌ನಲ್ಲಿ ಸರಿಪಡಿಸಿಕೊಳ್ಳಬಹುದು. ಅದಕ್ಕಿಂತ ಹಳೆಯದಾದರೆ ಜಾಯಿಂಟ್ ಡಿಕ್ಲರೇಷನ್, ಅಂದರೆ ನೀವೂ ಮಾಲೀಕರೂ ಸೇರಿ ಕೊಡುವ ತಿದ್ದುಪಡಿ ಅರ್ಜಿ, ಬೇಕಾಗುತ್ತದೆ. ತಪ್ಪು ಆಧಾರ್‌ನಲ್ಲಿಯೇ ಇದ್ದರೆ ಮೊದಲು ಆಧಾರ್ ಸರಿಪಡಿಸಿ, ಆಮೇಲೆ ಪಿಎಫ್. ಕ್ರಮ ತಪ್ಪಿದರೆ ಎರಡು ಸಲ ಓಡಾಡಬೇಕಾಗುತ್ತದೆ.

ಹೊಸ ಕಂಪನಿಗೆ ಸೇರುವ ದಿನ ಫಾರ್ಮ್ 11 ಎಂಬ ಘೋಷಣಾ ಪತ್ರ ತುಂಬಿಸಿಕೊಳ್ಳುತ್ತಾರೆ. ‘ಈ ಮೊದಲು ಪಿಎಫ್ ಸದಸ್ಯರಾಗಿದ್ದಿರಾ’ ಎಂಬ ಪ್ರಶ್ನೆಗೆ ಹೌದು ಎಂದು ಬರೆದು ಹಳೆಯ ಯುಎಎನ್ ಕೊಡಿ. ಅವಸರದಲ್ಲಿ ಇಲ್ಲ ಎಂದು ಬರೆದು ಎರಡನೆಯ ಯುಎಎನ್ ಮಾಡಿಸಿಕೊಂಡವರು ಹಳೆಯ ಖಾತೆಯನ್ನು ಸೇರಿಸಲು ವರ್ಷಗಟ್ಟಲೆ ಅಲೆದಿದ್ದಾರೆ.

ಹಳೆಯ ಕಂಪನಿಯು ನಿಮ್ಮ ಬಿಟ್ಟ ದಿನಾಂಕವನ್ನು ದಾಖಲಿಸಬೇಕು. ಅವರು ಮಾಡದಿದ್ದರೆ, ಕೊನೆಯ ಕಂತು ಜಮಾ ಆದ ಎರಡು ತಿಂಗಳ ನಂತರ ಆಧಾರ್ ಒಟಿಪಿ ಬಳಸಿ ನೀವೇ ದಾಖಲಿಸಬಹುದು. ರಿಲೀವಿಂಗ್ ಪತ್ರದಲ್ಲಿರುವ ದಿನಾಂಕವನ್ನೇ ಹಾಕಿ. ಅದು ಹೊಸ ಕಂಪನಿಗೆ ಸೇರಿದ ದಿನದ ನಂತರ ಬಿದ್ದರೆ ಒಂದೇ ಕಾಲಕ್ಕೆ ಎರಡು ಕಡೆ ದುಡಿದಂತೆ ಕಾಣುತ್ತದೆ.

ಇನ್ನು ಹಣ ತೆಗೆಯುವುದೋ, ವರ್ಗಾಯಿಸುವುದೋ? ಬೇರೆ ಕೆಲಸಕ್ಕೆ ಸೇರಿದವರು ವರ್ಗಾಯಿಸಬೇಕು ಎಂಬುದೇ ನನ್ನ ಸ್ಪಷ್ಟ ಉತ್ತರ. ಭವಿಷ್ಯನಿಧಿಯ ಬಡ್ಡಿ 2024–25ನೇ ಸಾಲಿಗೆ ಶೇ 8.25 ಇತ್ತು. ಐದು ವರ್ಷದ ಸತತ ಸೇವೆ ಆಗುವ ಮೊದಲು 50,000 ಅಥವಾ ಹೆಚ್ಚು ಹಣ ತೆಗೆದರೆ ಶೇ 10ರಷ್ಟು ತೆರಿಗೆ ಮೊದಲೇ ಕಡಿತವಾಗುತ್ತದೆ, ಪ್ಯಾನ್ ಜೋಡಿಸದಿದ್ದರೆ ಶೇ 20. ಖಾತೆ ವರ್ಗಾಯಿಸಿದರೆ ಹಿಂದಿನ ಕಂಪನಿಯ ವರ್ಷಗಳೂ ಈ ಐದರಲ್ಲಿ ಸೇರುತ್ತವೆ. ಇದಕ್ಕಿಂತ ದೊಡ್ಡದು ಪಿಂಚಣಿ. ಮಾಲೀಕರ ಶೇ 12ರಲ್ಲಿ ಶೇ 8.33, ಅಂದರೆ 15,000ದ ಮಿತಿಯಲ್ಲಿ ತಿಂಗಳಿಗೆ 1,250 ರೂಪಾಯಿಯವರೆಗೆ, ನಿಮ್ಮ ಪಿಂಚಣಿ ಯೋಜನೆಗೆ ಹೋಗುತ್ತಿರುತ್ತದೆ. ಎಲ್ಲ ಕಂಪನಿಗಳ ಸೇವೆ ಕೂಡಿ ಹತ್ತು ವರ್ಷ ಆದವರಿಗೆ 58ರ ನಂತರ ತಿಂಗಳ ಪಿಂಚಣಿ ಬರುತ್ತದೆ. ಪ್ರತಿ ಸಲ ಕೆಲಸ ಬಿಟ್ಟಾಗಲೂ ಆ ಹಣವನ್ನು ತೆಗೆಯುತ್ತ ಹೋದವರ ಲೆಕ್ಕ ಪ್ರತಿ ಸಲ ಸೊನ್ನೆಯಿಂದ ಶುರುವಾಗುತ್ತದೆ. 22 ವರ್ಷ ದುಡಿದು, ನಾಲ್ಕು ಕಡೆ ತೆಗೆದುಕೊಂಡು, 50ನೆಯ ವಯಸ್ಸಿನಲ್ಲಿ ‘ನನಗೆಷ್ಟು ಪಿಂಚಣಿ’ ಎಂದು ಕೇಳುವವರಿಗೆ ಉತ್ತರ ಹೇಳುವುದು ನನ್ನ ಕೆಲಸದಲ್ಲಿ ಅತ್ಯಂತ ಕಷ್ಟದ ಗಳಿಗೆ.

ಆಧಾರ್ ಜೋಡಿಸಿದ ಒಂದೇ ಯುಎಎನ್ ಇದ್ದು ಹೆಸರು, ಜನ್ಮದಿನ, ಲಿಂಗ ತಾಳೆಯಾದರೆ ವರ್ಗಾವಣೆಗೆ ಈಗ ಸಾಮಾನ್ಯವಾಗಿ ಹಳೆಯ ಮಾಲೀಕರ ಒಪ್ಪಿಗೆಯೂ ಬೇಕಿಲ್ಲ. ಆನ್‌ಲೈನ್ ಸೇವೆಗಳಲ್ಲಿ ‘ಒನ್ ಮೆಂಬರ್ ಒನ್ ಇಪಿಎಫ್ ಅಕೌಂಟ್’ ಎಂಬುದನ್ನು ಒತ್ತಿ ಮುಂದುವರಿಯಿರಿ. ಕೆಲವು ದೊಡ್ಡ ಕಂಪನಿಗಳು ತಮ್ಮದೇ ಟ್ರಸ್ಟ್ ಮೂಲಕ ಪಿಎಫ್ ನಡೆಸುತ್ತವೆ. ಅಲ್ಲಿಂದ ಬರುವವರು ಅನೆಕ್ಷರ್ ಕೆ ಎಂಬ ಹಾಳೆಯನ್ನು, ಅಂದರೆ ವರ್ಗಾವಣೆಯಾದ ಹಣ ಮತ್ತು ಸೇವೆಯ ವಿವರವನ್ನು, ತಪ್ಪದೆ ಕೇಳಿ ಪಡೆಯಬೇಕು. ವರ್ಗಾವಣೆಯಾದ ಮೇಲೆ ಹೊಸ ಪಾಸ್‌ಬುಕ್‌ನಲ್ಲಿ ಪಿಂಚಣಿಯ ಕಾಲಂನಲ್ಲಿ ಸೊನ್ನೆ ಕಂಡು ಅನೇಕರು ಹೆದರಿ ಓಡಿಬರುತ್ತಾರೆ. ಹಣ ಕಳೆದಿಲ್ಲ. ಪಿಂಚಣಿಯನ್ನು ಲೆಕ್ಕ ಹಾಕುವುದು ಸೇವೆಯ ಅವಧಿ ಮತ್ತು ವೇತನದ ಮೇಲೆ, ಆದ್ದರಿಂದ ಹಣದ ಬದಲು ಸೇವಾವಧಿಯಷ್ಟೇ ವರ್ಗವಾಗುತ್ತದೆ. ನೋಂದಾಯಿತ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಖಾತೆಯ ಶಿಲ್ಕು ಸಂದೇಶವಾಗಿ ಬರುತ್ತದೆ.

ಇದೇ ಹೊತ್ತಿನಲ್ಲಿ ನಾಮನಿರ್ದೇಶನವನ್ನೂ ನೋಡಿ. ಮದುವೆಗೆ ಮೊದಲು ತಾಯಿಯ ಅಥವಾ ತಮ್ಮನ ಹೆಸರು ಬರೆಸಿದ್ದರೆ ಮದುವೆಯಾದ ಕೂಡಲೇ ಅದು ಅಸಿಂಧುವಾಗುತ್ತದೆ. ಸೇವೆಯಲ್ಲಿರುವಾಗ ಸದಸ್ಯರು ತೀರಿಕೊಂಡರೆ ಕುಟುಂಬಕ್ಕೆ ಪಿಎಫ್ ಜೊತೆಗೆ 7 ಲಕ್ಷ ರೂಪಾಯಿಯವರೆಗೆ ವಿಮೆಯ ಹಣವೂ ಬರುತ್ತದೆ. ನಾಮನಿರ್ದೇಶನ ಸರಿಯಿಲ್ಲದಿದ್ದರೆ ಆ ದುಃಖದಲ್ಲಿ ಮನೆಯವರು ಕಚೇರಿಗೆ ಅಲೆಯಬೇಕಾಗುತ್ತದೆ.

ಹಂತ 8: ತೆರಿಗೆ ಮತ್ತು ಇಎಸ್‌ಐ

ವರ್ಷದ ನಡುವೆ ಕೆಲಸ ಬದಲಿಸಿದವರು ಹಳೆಯ ಕಂಪನಿಯಲ್ಲಿ ಆ ವರ್ಷ ಬಂದ ವೇತನ ಮತ್ತು ಕಡಿತವಾದ ತೆರಿಗೆಯ ವಿವರವನ್ನು ಹೊಸ ಕಂಪನಿಗೆ ಕೊಡಬೇಕು. ಕೊಡದಿದ್ದರೆ ಹೀಗಾಗುತ್ತದೆ: 2025–26ರಲ್ಲಿ ಮೊದಲ ಕಂಪನಿಯಿಂದ 5 ಲಕ್ಷ, ಎರಡನೆಯದರಿಂದ 8.5 ಲಕ್ಷ ಪಡೆದ ಒಬ್ಬರಿಗೆ, ಹೊಸ ತೆರಿಗೆ ಪದ್ಧತಿಯಲ್ಲಿ ನೌಕರರಿಗಿರುವ 12.75 ಲಕ್ಷದ ಮಿತಿ ದಾಟಿಲ್ಲವೆಂದು ಎರಡೂ ಕಡೆಯವರು ತೆರಿಗೆಯನ್ನೇ ಕಡಿತ ಮಾಡುವುದಿಲ್ಲ. ಒಟ್ಟು 13.5 ಲಕ್ಷಕ್ಕೆ ಅವರು ರಿಟರ್ನ್ ಸಲ್ಲಿಸುವಾಗ ಸೆಸ್ ಸೇರಿ 74,100 ರೂಪಾಯಿ, ಜೊತೆಗೆ ಬಡ್ಡಿ, ಒಮ್ಮೆಲೇ ಕಟ್ಟಬೇಕಾಗುತ್ತದೆ. ಎರಡೂ ಕಂಪನಿಗಳಿಂದ ತೆರಿಗೆ ಕಡಿತದ ಪ್ರಮಾಣಪತ್ರ ಪಡೆಯುವುದನ್ನು ಮರೆಯಬೇಡಿ.

ಇಎಸ್‌ಐ ವ್ಯಾಪ್ತಿ ತಿಂಗಳ ವೇತನ 21,000ದವರೆಗೆ. ಹೊಸ ಕಡೆಯೂ ಅದರೊಳಗೇ ಇದ್ದರೆ ಹಳೆಯ ವಿಮಾ ಸಂಖ್ಯೆಯನ್ನೇ ಕೊಡಿ. ಹೊಸ ಪಗಾರ ಮಿತಿಯನ್ನು ದಾಟುತ್ತಿದ್ದರೆ ಹುಬ್ಬಳ್ಳಿಯ ಇಎಸ್‌ಐ ಆಸ್ಪತ್ರೆಯಲ್ಲಿ ಅಪ್ಪ ಅಮ್ಮನಿಗೆ ನಡೆಯುತ್ತಿರುವ ಚಿಕಿತ್ಸೆ ಮುಂದೆ ನಿಲ್ಲುತ್ತದೆ ಎಂಬುದನ್ನು ಮೊದಲೇ ಯೋಚಿಸಿ, ಹೊಸ ಕಂಪನಿಯ ಗುಂಪು ವಿಮೆಯಲ್ಲಿ ತಂದೆತಾಯಿ ಸೇರುತ್ತಾರೆಯೇ ಎಂದು ಸೇರುವ ಮೊದಲೇ ಕೇಳಿ.

ಹಂತ 9: ಎಲ್ಲಿಯಾದರೂ ಸಿಕ್ಕಿಕೊಂಡರೆ

ಪಗಾರ ಅಥವಾ ಗ್ರ್ಯಾಚುಟಿ ಕೊಡದಿದ್ದರೆ ಮೊದಲು ಕಂಪನಿಗೆ ಲಿಖಿತವಾಗಿ ಕೇಳಿ, ಉತ್ತರ ಬರದಿದ್ದರೆ ಆ ಪತ್ರದ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ನೇಮಕಾತಿ ಪತ್ರವನ್ನೇ ಕೊಡದ ಅಂಗಡಿಯಲ್ಲಿ ದುಡಿದಿದ್ದರೂ ಬ್ಯಾಂಕಿಗೆ ಬಂದ ಪಗಾರದ ನಮೂದು, ಹಾಜರಿ ಪುಸ್ತಕದ ಫೋಟೋ, ಮಾಲೀಕರು ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಇವೆಲ್ಲ ಅಲ್ಲಿ ನಿಮ್ಮ ಪರವಾಗಿ ನಿಲ್ಲುತ್ತವೆ.

ಪಿಎಫ್ ದೂರನ್ನು ಇಪಿಎಫ್‌ಐಜಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಿಸಿ, ಬರುವ ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅದರಿಂದಲೂ ಆಗದಿದ್ದರೆ ಹುಬ್ಬಳ್ಳಿಯ ಪ್ರಾದೇಶಿಕ ಕಚೇರಿ ಇದೆ. ಗದಗ, ಹಾವೇರಿಯವರು ಅಲ್ಲಿಗೆ ಬರುವ ಮೊದಲು ‘ನಿಧಿ ಆಪ್ಕೆ ನಿಕಟ್’ ಎಂಬ ಶಿಬಿರ ತಮ್ಮ ಜಿಲ್ಲೆಯಲ್ಲಿ ಈ ತಿಂಗಳು ಎಲ್ಲಿ ನಡೆಯುತ್ತದೆ ಎಂದು ವಿಚಾರಿಸಿ. ಪಿಎಫ್ ಅಧಿಕಾರಿಗಳೇ ಬಂದು ಕುಳಿತು ದೂರು ಕೇಳುವ ಈ ಶಿಬಿರವನ್ನು ಪ್ರತಿ ತಿಂಗಳ 27ರಂದು, ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ, ಜಿಲ್ಲೆಗಳಲ್ಲಿ ನಡೆಸುತ್ತಾರೆ. ಹೋಗುವಾಗ ಆಧಾರ್, ಯುಎಎನ್, ಬ್ಯಾಂಕ್ ಪಾಸ್‌ಬುಕ್, ರಿಲೀವಿಂಗ್ ಪತ್ರ ಮತ್ತು ಅರ್ಜಿ ತಿರಸ್ಕಾರವಾದಾಗ ಪರದೆಯ ಮೇಲೆ ಬಂದ ಕಾರಣದ ಮುದ್ರಿತ ಪ್ರತಿ ಜೊತೆಗಿರಲಿ. ಆಧಾರ್‌ಗೆ ಜೋಡಿಸಿದ ಸಿಮ್ ಇರುವ ಮೊಬೈಲನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಅಧಿಕಾರಿಗಳು ತಿದ್ದಲು ಸಿದ್ಧರಿದ್ದರೂ ಒಟಿಪಿ ಇಲ್ಲದೆ ಅಂದಿನ ಕೆಲಸ ಮುಂದೆ ಹೋಗುವುದಿಲ್ಲ.